ಮೈಲೋ ಕಾಲೇಜಿಗೆ ಹೋದ, ವಾಪಸೂ ಬಂದ

ಹೋದ ತಿಂಗಳು ನಮ್ಮ ಸಂಘದ ಗ್ರೂಪಿಗೆ ಒಂದು ಡ್ರೈವ್ ಲಿಂಕ್ ಬಂತು. ಒಳಗೆ ಐದು ಹಾಡು. ಮೂರು ಊರುಗಳಲ್ಲಿ ಕೂತು ಮೂವರು ರೆಕಾರ್ಡ್ ಮಾಡಿ, ರಾತ್ರಿ ಎದ್ದು ಜೋಡಿಸಿದ ಹಾಡುಗಳು. ಒಂದರಲ್ಲಿ ಹಿಂದುಗಡೆ ಪ್ರೆಶರ್ ಕುಕ್ಕರ್ ಸೀಟಿ ಕೂಡ ಕೇಳ್ತದೆ. ಕಳಿಸಿದವರು ನಮ್ಮ ಸೀನಿಯರ್‌ಗಳು, ಕ್ಯಾಂಪಸ್ಸಿನಲ್ಲಿ ಎಲ್ಲರೂ ‘ಬಳಗಾನೂರು ಬ್ಯಾಂಡ್’ ಅಂತ ಕರೀತಿದ್ದ ಹುಡುಗರು. ಹೆಸರಿಡೋಕೆ ಮೂರು ಮೀಟಿಂಗ್ ಮಾಡಿ, ಒಮ್ಮತಕ್ಕೆ ಬಾರದೆ, ಕೊನೆಗೆ ಹಾಡುವವನ ಊರಿನ ಹೆಸರೇ ಬ್ಯಾಂಡಿನ ಹೆಸರಾಗಿ ಉಳಿದಿತ್ತು. ಊರಿನ ಹೆಸರಲ್ಲೇ ‘ಬಳಗ’ ಇದೆ, ಇನ್ನೇನು ಬೇಕು ಅಂತ ಸಮಾಧಾನ ಮಾಡಿಕೊಂಡಿದ್ದೆವು. ಏಳನೇ ಸೆಮ್ಮಿನಲ್ಲಿ ಪ್ಲೇಸ್‌ಮೆಂಟ್ ಶುರುವಾಯ್ತು, ಬ್ಯಾಂಡ್ ಮುಗೀತು. ಈಗ ಒಬ್ಬ ಬೆಂಗಳೂರಿನಲ್ಲಿ ನೈಟ್ ಶಿಫ್ಟ್ ಸಪೋರ್ಟ್ ಕೆಲಸದಲ್ಲಿದ್ದಾನೆ, ಒಬ್ಬ ಎಂಟೆಕ್ ಮಾಡ್ತಿದ್ದಾನೆ, ಇನ್ನೊಬ್ಬ ರಸ್ತೆ ಕಾಮಗಾರಿಯ ಸೈಟಿನಲ್ಲಿ ಬಿಸಿಲು ಕಾಯ್ತಿದ್ದಾನೆ. ಮತ್ತೆ ಕೂಡಿದ್ದಾರೆ. ನವೆಂಬರಿನ ರಾಜ್ಯೋತ್ಸವದ ಸಂಜೆ ಬಂದು ಬಾರಿಸ್ತೇವೆ, ವೇದಿಕೆ ಕೊಡ್ತೀರಾ ಅಂತ ಕೇಳಿದ್ದಾರೆ.

ಗ್ರೂಪಿನಲ್ಲಿ ಮೊದಲು ಬಂದ ಮೆಸೇಜು ಯಾವುದು ಗೊತ್ತಾ? “ಹಳೇ ಹಾಡು ಇಲ್ವಾ?” ಹಾಕಿದವರು ಬೇರೆ ಯಾರೂ ಅಲ್ಲ, ಈ ಲೇಖನ ಬರೀತಿರೋ ನಾವೇ. ಐದರಲ್ಲಿ ಒಂದನ್ನೂ ಪೂರ್ತಿ ಕೇಳೋ ಮೊದಲೇ. ಆ ನಾಚಿಕೆಯಿಂದಲೇ ಈ ಬರಹ ಹುಟ್ಟಿದ್ದು.

ಆಮೇಲೆ ನಡೆದ ಮೀಟಿಂಗ್ ನಿಮಗೂ ನೆನಪಿರಬಹುದು. ಪಾಸಾಗಿ ಹೋದವರಿಗೆ ಸ್ಲಾಟ್ ಯಾಕೆ ಅಂತ ಕೆಲವರು. ಬರಲಿ, ಆದರೆ ಆ ಫೇಮಸ್ ಹಾಡು ಒಂದೇ ಹಾಡಿ ಇಳೀಲಿ ಅಂತ ಹಲವರು. ಇದು ಕನ್ನಡ ಸಂಘ, ಇಲ್ಲಿ ಪಂಕ್ ಗಿಂಕ್ ಯಾಕೆ ಅಂತ ಒಂದಿಬ್ಬರು. ಮೀಟಿಂಗ್ ಯಾವ ತೀರ್ಮಾನಕ್ಕೂ ಬರಲಿಲ್ಲ, ಇಂಟರ್ನಲ್ಸ್ ಬಂತು. ಮುಂದಿನ ವಾರ ಮತ್ತೆ ಕೂರಬೇಕು. ಅದಕ್ಕೂ ಮೊದಲು ನಿಮಗೆ ಒಂದು ಬ್ಯಾಂಡಿನ ಕತೆ ಹೇಳಬೇಕು. ನಮ್ಮದಲ್ಲ, ಕ್ಯಾಲಿಫೋರ್ನಿಯಾದ್ದು. ಆದರೆ ಎಂಜಿನಿಯರಿಂಗ್ ಕಾಲೇಜಿನ ಹುಡುಗ ಹುಡುಗಿಯರಿಗೆ ಅಂತಲೇ ಬರೆಸಿಟ್ಟ ಹಾಗಿದೆ.

ಬ್ಯಾಂಡಿನ ಹೆಸರು ಡಿಸೆಂಡೆಂಟ್ಸ್. ಹುಟ್ಟಿದ್ದು 1977ರಲ್ಲಿ, ಲಾಸ್ ಏಂಜಲೀಸ್ ಪಕ್ಕದ ಮ್ಯಾನ್‌ಹ್ಯಾಟನ್ ಬೀಚ್ ಅನ್ನೋ ಕಡಲೂರಿನಲ್ಲಿ. ಆಗ ಪಂಕ್ ಇನ್ನೂ ಹೊಸದು. ಹಿಂದಿನ ವರ್ಷವಷ್ಟೇ ನ್ಯೂಯಾರ್ಕಿನ ರಮೋನ್ಸ್ ತಮ್ಮ ಮೊದಲ ಆಲ್ಬಂ ತಂದಿದ್ದರು. ಹದಿನಾಲ್ಕು ಹಾಡು, ಎಲ್ಲಾ ಸೇರಿ ಅರ್ಧ ಗಂಟೆಯೂ ಇಲ್ಲ. ಮೂರು ಕಾರ್ಡ್ ಗೊತ್ತಿದ್ದರೆ ಸಾಕು, ಬಾರಿಸು ಅನ್ನೋದೇ ಸಿದ್ಧಾಂತ. ಡಿಸೆಂಡೆಂಟ್ಸ್‌ನಲ್ಲಿ ಡ್ರಮ್ಸ್ ಬಾರಿಸುತ್ತಿದ್ದ ಬಿಲ್ ಸ್ಟೀವನ್ಸನ್ ಮತ್ತು ಗಿಟಾರಿನ ಫ್ರಾಂಕ್ ನವೆಟ್ಟಾ ಹೈಸ್ಕೂಲ್ ವಯಸ್ಸಿನವರು. ಬಾಸ್ ಬಾರಿಸುತ್ತಿದ್ದ ಟೋನಿ ಲೊಂಬಾರ್ಡೊ ಇವರಿಗಿಂತ ಬಹಳ ದೊಡ್ಡವನು, ಹೊಟ್ಟೆಪಾಡಿಗೆ ಅಂಚೆ ಹಂಚುತ್ತಿದ್ದ. ಪೋಸ್ಟ್‌ಮ್ಯಾನ್ ಇರೋ ಪಂಕ್ ಬ್ಯಾಂಡು! 1980ರಲ್ಲಿ ಹಾಡೋಕೆ ಬಂದವನು ಮೈಲೋ ಆಕರ್ಮನ್, ದಪ್ಪ ಕನ್ನಡಕದ ಹುಡುಗ, ಬಯಾಲಜಿ ಅಂದ್ರೆ ಪ್ರಾಣ.

1981ರಲ್ಲಿ ಅವರದ್ದು ಐದು ಹಾಡಿನ ಪುಟ್ಟ ರೆಕಾರ್ಡ್ ಬಂತು, ಹೆಸರು ‘ಫ್ಯಾಟ್’. ಅದರಲ್ಲಿ ತಿಂಡಿ ಅಂದ್ರೆ ನನಗಿಷ್ಟ ಅನ್ನೋದನ್ನೇ ವಿಷಯ ಮಾಡಿಕೊಂಡ ಒಂದು ಹಾಡಿದೆ, ‘ಐ ಲೈಕ್ ಫುಡ್’. ಇಪ್ಪತ್ತು ಸೆಕೆಂಡೂ ಇಲ್ಲ. ಮೆಸ್ಸಿನಲ್ಲಿ ತಟ್ಟೆ ತೊಳೆಯೋಕೆ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಆ ಕಾಲದ ಪಂಕ್ ಬ್ಯಾಂಡುಗಳು ಸರ್ಕಾರ, ಪೊಲೀಸ್, ಯುದ್ಧ ಅಂತ ಕೂಗುತ್ತಿದ್ದಾಗ ಇವರು ಊಟ, ಕಾಫಿ, ಮೀನು ಹಿಡಿಯೋದು, ಹುಡುಗಿ ತಿರುಗಿ ನೋಡದೇ ಹೋದದ್ದು ಇಂಥದ್ದನ್ನೇ ಹಾಡಿದರು. ಹೀರೋ ಅಲ್ಲದ ಹುಡುಗರ ಹಾಡು.

ಮರುವರ್ಷ ಮೊದಲ ಪೂರ್ತಿ ಆಲ್ಬಂ. ಆ ಹೊತ್ತಿಗೆ ಮೈಲೋಗೆ ಓದು ಕರೀತಿತ್ತು. ಬ್ಯಾಂಡ್ ಬಿಟ್ಟು ಹೊರಟ. ಉಳಿದವರು ಕೋಪಿಸಿಕೊಳ್ಳಲಿಲ್ಲ, ಆಲ್ಬಮ್ಮಿಗೆ ‘ಮೈಲೋ ಗೋಸ್ ಟು ಕಾಲೇಜ್’ ಅಂತಲೇ ಹೆಸರಿಟ್ಟುಬಿಟ್ಟರು. ಮುಖಪುಟದಲ್ಲಿ ಕನ್ನಡಕ, ಟೈ ಹಾಕಿಕೊಂಡ ಮೈಲೋನ ಗೆರೆಚಿತ್ರ. ಹದಿನೈದು ಹಾಡು, ಇಪ್ಪತ್ತೆರಡು ನಿಮಿಷ. ಇವತ್ತಿಗೂ ಆ ಚಿತ್ರವನ್ನ ಕೈ ಮೇಲೆ ಟ್ಯಾಟೂ ಹಾಕಿಸಿಕೊಳ್ಳೋ ಅಭಿಮಾನಿಗಳಿದ್ದಾರೆ. ಯೋಚಿಸಿ ನೋಡಿ: ಕ್ಲಾಸಿಗೆ ಹೋಗೋಕೆ ಬ್ಯಾಂಡ್ ಬಿಟ್ಟವನು ಪಂಕ್ ಲೋಕದ ಗುರುತಾಗಿ ನಿಂತ. ನಮ್ಮಲ್ಲಿ ಬ್ಯಾಂಡಿಗೋಸ್ಕರ ಕ್ಲಾಸ್ ಬಿಟ್ಟು ಅಟೆಂಡೆನ್ಸ್ ಶಾರ್ಟೇಜ್ ಆದವರು ಬೇಕಾದಷ್ಟಿದ್ದಾರೆ, ಅವರದ್ದು ಯಾರೂ ಟ್ಯಾಟೂ ಹಾಕಿಸಿಕೊಂಡಿಲ್ಲ.

ಅಲ್ಲಿಂದ ಮುಂದಿನದ್ದು ನಮ್ಮ ಸೆಮಿಸ್ಟರ್‌ಗಳ ಹಾಗೇ, ಬರೋದು ಹೋಗೋದು. ಎಂಬತ್ತರ ದಶಕದ ನಡುವೆ ಮೈಲೋ ವಾಪಸ್ ಬಂದು ಮೂರು ಆಲ್ಬಂ ಹಾಡಿದ, 1987ರ ಹೊತ್ತಿಗೆ ಮತ್ತೆ ಓದಿಗೆ ಹೋದ. ಉಳಿದವರು ಬೇರೆ ಹಾಡುಗಾರರನ್ನಿಟ್ಟುಕೊಂಡು ‘ಆಲ್’ ಅನ್ನೋ ಹೆಸರಲ್ಲಿ ಮುಂದುವರಿದರು. ಇವನು ಸ್ಯಾನ್ ಡಿಯಾಗೋದಲ್ಲಿ ಬಯಾಲಜಿಯಲ್ಲಿ ಪಿಎಚ್‌ಡಿ ಮುಗಿಸಿದ. 1996ರಲ್ಲಿ ಮತ್ತೆ ಕೂಡಿ ಒಂದು ಆಲ್ಬಂ, 2004ರಲ್ಲಿ ಮತ್ತೊಂದು. ನಡುವೆ ವಿಸ್ಕಾನ್ಸಿನ್‌ನಲ್ಲಿ ಸಂಶೋಧನೆ, ಆಮೇಲೆ ಡೆಲವೇರ್‌ನಲ್ಲಿ ಡ್ಯೂಪಾಂಟ್ ಕಂಪನಿಯಲ್ಲಿ ಸಸ್ಯಗಳ ಮೇಲೆ ಕೆಲಸ. ಹಗಲು ಗಿಡದ ಜೀನು, ಯಾವಾಗಲೋ ಒಮ್ಮೆ ಮೈಕು.

ಡ್ರಮ್ಮರ್ ಬಿಲ್ ಸ್ಟೀವನ್ಸನ್‌ನ ಕತೆ ಬೇರೆ. 2010ರ ಹೊತ್ತಿಗೆ ಅವನ ಮೈ ಕೈಕೊಟ್ಟಿತು. ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಅದರಿಂದ ಪಾರಾಗೋಷ್ಟರಲ್ಲಿ ತಲೆಯೊಳಗೆ ದೊಡ್ಡ ಗೆಡ್ಡೆ ಸಿಕ್ಕಿತು. ಆಪರೇಷನ್ ಆಯ್ತು, ಪುಣ್ಯಕ್ಕೆ ಕ್ಯಾನ್ಸರ್ ಅಲ್ಲ. ಎದ್ದು ಕೂತವನು ಕೇಳಿದ್ದು ಡ್ರಮ್ಸ್. ಅದೇ ವರ್ಷ ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಒಂದು ಉತ್ಸವದಲ್ಲಿ ಡಿಸೆಂಡೆಂಟ್ಸ್ ಮತ್ತೆ ವೇದಿಕೆ ಹತ್ತಿತು. ಇವೆಲ್ಲಾ ‘ಫಿಲ್ಮೇಜ್’ ಅನ್ನೋ 2013ರ ಡಾಕ್ಯುಮೆಂಟರಿಯಲ್ಲಿದೆ. ನಾವು ಅದನ್ನ ಹಾಸ್ಟೆಲ್ಲಿನಲ್ಲಿ ಒಂದೇ ಲ್ಯಾಪ್‌ಟಾಪಿನ ಸುತ್ತ ಎಂಟು ಜನ ಕೂತು ನೋಡಿದೆವು. ಆಪರೇಷನ್ ಭಾಗ ಬಂದಾಗ ಯಾರೂ ಬಾಯಿ ಬಿಡಲಿಲ್ಲ.

ಇಷ್ಟಾದ ಮೇಲೆ ಬಂದದ್ದು 2016ರ ಜುಲೈನಲ್ಲಿ ‘ಹೈಪರ್‌ಕ್ಯಾಫಿಯಂ ಸ್ಪ್ಯಾಜ್ಜಿನೇಟ್’. ನಮ್ಮ ಕೆಮಿಸ್ಟ್ರಿ ಸೈಕಲ್ ಹುಡುಗರು ಇದು ಯಾವುದೋ ಸಾಲ್ಟ್ ಹೆಸರು, ಲ್ಯಾಬ್ ಎಕ್ಸಾಮಿಗೆ ಬರುತ್ತೆ ಅಂದ್ಕೊಂಡ್ರು. ಇಲ್ಲಪ್ಪ, ಅದು ಕಾಫಿ ಹುಚ್ಚರು ತಮಾಷೆಗೆ ಕಟ್ಟಿದ ಹೆಸರು. ಹಿಂದಿನ ಆಲ್ಬಮ್ಮಿಗೂ ಇದಕ್ಕೂ ನಡುವೆ ಹನ್ನೆರಡು ವರ್ಷ. ಸದಸ್ಯರೆಲ್ಲ ಐವತ್ತರ ಆಚೀಚೆ. ಬೇರೆ ಬೇರೆ ರಾಜ್ಯಗಳಲ್ಲಿ ಸಂಸಾರ ಹೂಡಿದ್ದರಿಂದ ತಮ್ಮ ತಮ್ಮ ಭಾಗವನ್ನ ಅಲ್ಲಲ್ಲೇ ರೆಕಾರ್ಡ್ ಮಾಡಿ ಕೂಡಿಸಿದರು. ಕೊಲರಾಡೋದಲ್ಲಿ ಬಿಲ್ ಡ್ರಮ್ಸ್, ಡೆಲವೇರ್‌ನಲ್ಲಿ ಮೈಲೋ ಹಾಡು. ಕುಕ್ಕರ್ ಸೀಟಿ ಕೇಳಿಸಲ್ಲ ಅನ್ನೋದು ಬಿಟ್ಟರೆ ನಮ್ಮ ಹುಡುಗರು ಮಾಡಿದ್ದೂ ಇದನ್ನೇ.

ಇದನ್ನ ನಾವು ಮೊದಲು ಕೇಳಿದ್ದು ಕ್ಯಾಂಪಸ್ಸಿನಲ್ಲಲ್ಲ, ಬಳಗಾನೂರಿನಲ್ಲಿ. 2024ರ ದಸರಾ ರಜೆಯಲ್ಲಿ ನಾವು ನಾಲ್ಕು ಜನ ಆ ಸೀನಿಯರ್ ಅಣ್ಣನ ಮನೆಗೆ ಹೋಗಿದ್ದೆವು. ಸಿಂಧನೂರಿಗೆ ರಾತ್ರಿ ಬಸ್ಸು, ಇಳಿದು ಒಗ್ಗರಣಿ ಮಿರ್ಚಿ ತಿಂದು ಮುಂದಿನ ದಾರಿ ಹಿಡಿದೆವು. ಎರಡೂ ಕಡೆ ಕಣ್ಣು ಹೋದಲ್ಲೆಲ್ಲ ಭತ್ತ. ಅದೇ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟು ಕೊಚ್ಚಿಹೋಗಿತ್ತಲ್ಲ, ಆ ಭತ್ತ ಅಲ್ಲಿ ನಿಂತಿದ್ದೇ ದೊಡ್ಡ ಮಾತು. ಚೈನು ತುಂಡಾಗಿ, ತುಂಬಿದ ಡ್ಯಾಮಿನ ನೀರು ಹೊಳೆಗೆ ಹರಿದು ಹೋಗ್ತಿದ್ದಾಗ ಎಡದಂಡೆ ಕಾಲುವೆಯ ಊರುಗಳೆಲ್ಲ ಉಸಿರು ಬಿಗಿಹಿಡಿದಿದ್ದವು. ಹರಿಯೋ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ಆ ಕಿಂಡಿ ಮುಚ್ಚಿಸಿದ್ದು ಕನ್ನಯ್ಯ ನಾಯ್ಡು ಅನ್ನೋ ಗೇಟು ತಜ್ಞರು. ನಿವೃತ್ತರು, ಇಳಿವಯಸ್ಸಿನವರು, ಕರೆಸಿದ್ದಕ್ಕೆ ಬಂದರು. “ಇವ್ರಿಗೆ ವಯಸ್ಸಾತು, ಹಳೇ ಹೆಸರು ಮಾರ್ಕೊಳ್ಳಾಕ ಬಂದಾರ” ಅಂತ ಆವತ್ತು ಬಳಗಾನೂರಿನಲ್ಲಿ ಒಬ್ಬರೂ ಅನ್ನಲಿಲ್ಲ. ಗಿಟಾರ್ ಹಿಡಿದವರಿಗೆ ಮಾತ್ರ ಯಾಕೋ ಎಲ್ಲರೂ ಹಾಗಂತಾರೆ.

ಸಂಜೆ ಮನೆ ಮುಂದಿನ ಕಟ್ಟೆ ಮೇಲೆ ಬ್ಲೂಟೂತ್ ಸ್ಪೀಕರ್ ಇಟ್ಟು ಅಣ್ಣ ಆಲ್ಬಂ ಹಚ್ಚಿದ. ಅವನ ಅಪ್ಪ ಹೊಲದಿಂದ ಬಂದವರು ಕೈಕಾಲು ತೊಳೆದು ಅಲ್ಲೇ ಕೂತರು. ಎರಡು ಹಾಡು ಸುಮ್ಮನೆ ಕೇಳಿ, ಆಮೇಲೆ ಅಂದರು:

“ಯಾರ ಮ್ಯಾಲ ಸಿಟ್ಟಿಗೆದ್ದಾರಪಾ ಇವ್ರು?”

ಇವರಿಗೆಲ್ಲ ಐವತ್ತು ದಾಟಿದೆ ಕಾಕಾ ಅಂದೆವು ನಾವು, ಅದೊಂದು ಜೋಕ್ ಅನ್ನೋ ಹಾಗೆ. ಕಾಕಾ ನಗಲಿಲ್ಲ. “ಐವತ್ತು ದಾಟಿದ ಮ್ಯಾಲೇ ಸಿಟ್ಟು ಖರೇ ಬರ್ತದ. ಕಾಲುವಿ ನೀರು ಬರ್ಲಾರದ ವರ್ಷ ನಮ್ಮನ್ನ ನೋಡಬೇಕಿತ್ತು ನೀವು.” ಆಮೇಲೆ ಚಾ ಬಂತು, ಮಾತು ಬೇರೆ ಕಡೆ ಹೋಯ್ತು. ಆದರೆ ಆ ಮಾತು ನಮ್ಮ ತಲೆಯಲ್ಲಿ ಉಳೀತು. ಸಿಟ್ಟು, ಆಟ, ಕೂಗು ಎಲ್ಲಾ ಹತ್ತೊಂಬತ್ತು ವರ್ಷದವರ ಆಸ್ತಿ ಅಂತ ನಾವು ಯಾವಾಗ ಪಟ್ಟಾ ಮಾಡಿಸಿಕೊಂಡ್ವಿ?

ಆಲ್ಬಂ ಬಗ್ಗೆ ಎರಡು ಮಾತು ಹೇಳಲೇಬೇಕು. 1981ರಲ್ಲಿ ತಿಂಡಿ ನನಗಿಷ್ಟ ಅಂತ ಹಾಡಿದವರು ಇಲ್ಲಿ ‘ನೋ ಫ್ಯಾಟ್ ಬರ್ಗರ್’ ಅಂತ ಹಾಡ್ತಾರೆ. ಕೊಬ್ಬಿನದ್ದು ತಿನ್ನೋ ಹಾಗಿಲ್ಲ ಅನ್ನೋ ವಯಸ್ಸಿನ ಹಾಡು. ಹಳೇ ಹಾಡು ಕೇಳಿದವರಿಗೆ ನಗು ಬರುತ್ತೆ, ಬಿಲ್‌ನ ಕತೆ ಗೊತ್ತಿದ್ದವರಿಗೆ ನಗು ಅರ್ಧಕ್ಕೆ ನಿಲ್ಲುತ್ತೆ. ‘ಲಿಮಿಟರ್’ ಅಂತ ಇನ್ನೊಂದಿದೆ. ಮನಸ್ಸು ಒಂದೆಡೆ ನಿಲ್ಲದ ಮಗುವಿಗೆ ಮಾತ್ರೆ ಕೊಡಬೇಕಾ ಬೇಡ್ವಾ ಅಂತ ಒದ್ದಾಡೋ ಅಪ್ಪನ ಹಾಡು. ಹತ್ತೊಂಬತ್ತರ ಹುಡುಗ ಬರೆಯೋಕೆ ಸಾಧ್ಯವೇ ಇಲ್ಲದ ಹಾಡದು. ಆದರೂ ವೇಗ ಅದೇ, ಡ್ರಮ್ಸಿನ ಹೊಡೆತ ಅದೇ. ಎಲ್ಲಾ ಹಾಡೂ ಚೆನ್ನಾಗಿವೆ ಅಂತಲ್ಲ. ನಡುವೆ ಎರಡು ಮೂರು ಒಂದನ್ನೊಂದು ಹೋಲ್ತವೆ, ಗುರುತು ಸಿಗಲ್ಲ. ಕಡೇ ಹಾಡು ‘ಬಿಯಾಂಡ್ ದ ಮ್ಯೂಸಿಕ್’ ತಮ್ಮ ತಮ್ಮೊಳಗಿನ ಗೆಳೆತನದ ಬಗ್ಗೆಯೇ ಇದೆ, ಸ್ವಲ್ಪ ಜಾಸ್ತಿ ಸಿಹಿ ಆಯ್ತು ಅಂತ ನಮ್ಮಲ್ಲಿ ಒಬ್ಬಳ ತಕರಾರು. ನಲವತ್ತು ವರ್ಷ ಜೊತೆಗಿದ್ದವರಿಗೆ ಅಷ್ಟು ಸಕ್ಕರೆ ಮಾಫಿ ಅಂತ ಉಳಿದವರ ವಾದ.

ಮತ್ತೆ ಕೂಡೋದೆಲ್ಲ ಒಳ್ಳೇದೇ ಅಂತ ನಾವೇನೂ ಹೇಳ್ತಿಲ್ಲ. 1996ರಲ್ಲಿ ಸೆಕ್ಸ್ ಪಿಸ್ತೂಲ್ಸ್ ಮತ್ತೆ ಕೂಡಿದಾಗ ಪ್ರವಾಸಕ್ಕೆ ‘ಫಿಲ್ದಿ ಲೂಕರ್’ ಅಂತ ಹೆಸರಿಟ್ಟರು. ಕೊಳಕು ದುಡ್ಡು ಅಂತ ಅರ್ಥ. ಬಂದದ್ದೇ ದುಡ್ಡಿಗೆ ಅಂತ ಬಾಯಿಬಿಟ್ಟೇ ಹೇಳಿದರು. ಪ್ರಾಮಾಣಿಕತೆಗೆ ನಮಸ್ಕಾರ, ಆದರೆ ಹೊಸ ಹಾಡು ಒಂದೂ ಇಲ್ಲ. ನಮ್ಮ ಹಾಸ್ಟೆಲ್ಲಿನಲ್ಲಿ ಹೆಚ್ಚು ಜನ ಕೇಳೋದು ಬ್ಲಿಂಕ್-182. ಅವರದ್ದೂ ಇದೇ ಕತೆ. ಟಾಮ್ ಡಿಲಾಂಗ್ ಬಿಟ್ಟು ಹೋಗೋದು, ಬರೋದು, ಮತ್ತೆ ಹೋಗೋದು. ಡ್ರಮ್ಮರ್ ಟ್ರಾವಿಸ್ ಬಾರ್ಕರ್ 2008ರಲ್ಲಿ ವಿಮಾನ ಅಪಘಾತದಲ್ಲಿ ಸಾವಿನ ಬಾಗಿಲು ತಟ್ಟಿ ಬಂದ ಮೇಲೆ ಒಮ್ಮೆ ಕೂಡಿದರು. 2021ರಲ್ಲಿ ಮಾರ್ಕ್ ಹಾಪಸ್‌ಗೆ ಕ್ಯಾನ್ಸರ್ ಬಂದು ಗುಣವಾದ ಮೇಲೆ ಇನ್ನೊಮ್ಮೆ. 2023ರ ಅಕ್ಟೋಬರಿನಲ್ಲಿ ಬಂದ ‘ಒನ್ ಮೋರ್ ಟೈಮ್’ ಆಲ್ಬಮ್ಮಿನ ಹೆಸರಿನ ಹಾಡು ಕೇಳೋದೇ ಅದನ್ನ, ಒಟ್ಟಿಗೆ ಕೂರೋಕೆ ನಮಗೆ ಇಂಥ ಆಘಾತಗಳೇ ಬೇಕಾ ಅಂತ. ಅಮೆರಿಕದ ಚಾರ್ಟಿನಲ್ಲಿ ಅದು ಮೊದಲ ಸ್ಥಾನಕ್ಕೆ ಹೋಯ್ತು. ಆದರೆ ಅದಕ್ಕೂ ಮೊದಲೇ, ಪ್ರವಾಸ ಪ್ರಕಟವಾದಾಗ, ಬೇಡಿಕೆ ಏರಿದ ಹಾಗೆ ಟಿಕೆಟ್ ದರವೂ ಏರೋ ವ್ಯವಸ್ಥೆಯಿಂದ ಅಭಿಮಾನಿಗಳು ಕೆಂಡಾಮಂಡಲ ಆಗಿದ್ದರು. ಗ್ಯಾರೇಜಿನಲ್ಲಿ ಶುರುವಾದ ಸಂಗೀತ, ಕೇಳೋಕೆ ನೂರಾರು ಡಾಲರು. ಆ ಸಿಟ್ಟು ನ್ಯಾಯದ್ದೇ.

ಆದರೆ ಅಭಿಮಾನಿಗಳದ್ದು ಇನ್ನೊಂದು ಸಿಟ್ಟಿದೆ, ಅದು ನಮಗೆ ನ್ಯಾಯ ಅನ್ನಿಸಲ್ಲ. “ನೀವು ಬದಲಾಗಿಬಿಟ್ರಿ” ಅನ್ನೋ ಸಿಟ್ಟು. ನಾವು ಬದಲಾಗಬಹುದು, ಬ್ರಾಂಚ್ ಚೇಂಜ್ ಮಾಡಬಹುದು, ಕೋರ್ ಕಂಪನಿ ಅಂತಿದ್ದವರು ಐಟಿಗೆ ಹೋಗಬಹುದು. ನಮ್ಮ ಬ್ಯಾಂಡು ಮಾತ್ರ ನಾವು ಮೊದಲ ಸಲ ಕೇಳಿದ ದಿನ ಹೇಗಿತ್ತೋ ಹಾಗೇ, ಲ್ಯಾಬಿನ ಫಾರ್ಮಾಲಿನ್ ಬಾಟಲಿಯಲ್ಲಿರೋ ಕಪ್ಪೆ ಥರ ಇರಬೇಕು. ನಿಜ ಹೇಳಬೇಕಂದ್ರೆ ನಾವು ಕೇಳೋದು ಅವರ ಹಾಡನ್ನಲ್ಲ, ಆ ಹಾಡು ಕೇಳಿದಾಗಿನ ನಮ್ಮನ್ನ. “ಹಳೇ ಹಾಡು ಇಲ್ವಾ” ಅಂತ ನಾವು ಟೈಪ್ ಮಾಡಿದ್ದರ ಅರ್ಥ ಅಷ್ಟೇ: ನಮ್ಮ ಫಸ್ಟ್ ಇಯರ್ ವಾಪಸ್ ಕೊಡಿ.

ಡಿಸೆಂಡೆಂಟ್ಸ್‌ನ ಅಭಿಮಾನಿಗಳಿಗೆ 2021ರಲ್ಲಿ ಒಂದು ವಿಚಿತ್ರ ಉಡುಗೊರೆ ಸಿಕ್ಕಿತು. ‘ನೈನ್ತ್ ಆ್ಯಂಡ್ ವಾಲ್ನಟ್’ ಅನ್ನೋ ಆಲ್ಬಂ. ಅವರು ಮೊದಮೊದಲು ಪ್ರಾಕ್ಟೀಸ್ ಮಾಡುತ್ತಿದ್ದ ಜಾಗದ ಬೀದಿ ಮೂಲೆಯ ಹೆಸರದು. ಹಾಡುಗಳು 1977ರಿಂದ 80ರ ನಡುವೆ, ಹುಡುಗರಾಗಿದ್ದಾಗ ಬರೆದವು. ವಾದ್ಯಗಳನ್ನ 2002ರಲ್ಲಿ ಹಳೇ ಮೂವರು ಕೂಡಿ ರೆಕಾರ್ಡ್ ಮಾಡಿ ಹಾಗೇ ಇಟ್ಟಿದ್ದರು. ಮೈಲೋ ತನ್ನ ದನಿ ಸೇರಿಸಿದ್ದು 2020ರಲ್ಲಿ, ಕೊರೊನಾ ಕಾಲದಲ್ಲಿ. ಅಷ್ಟರಲ್ಲಿ ಗಿಟಾರಿನ ಫ್ರಾಂಕ್ ನವೆಟ್ಟಾ ಇರಲಿಲ್ಲ. ಸಂಗೀತ ಬಿಟ್ಟು ಆರೆಗನ್‌ಗೆ ಹೋಗಿ ಮೀನುಗಾರನಾಗಿದ್ದವನು 2008ರಲ್ಲೇ ತೀರಿಕೊಂಡಿದ್ದ. ಹದಿಹರೆಯದಲ್ಲಿ ಬರೆದದ್ದು, ನಲವತ್ತರ ಹೊತ್ತಿಗೆ ಬಾರಿಸಿದ್ದು, ಐವತ್ತೇಳರಲ್ಲಿ ಹಾಡಿದ್ದು, ಬಾರಿಸಿದವರಲ್ಲಿ ಒಬ್ಬ ಇಲ್ಲವೇ ಇಲ್ಲ. ಇದು ಹಳೇ ಆಲ್ಬಮ್ಮೋ ಹೊಸ ಆಲ್ಬಮ್ಮೋ? ನಾವು ಇಡೀ ಸಂಜೆ ಜಗಳ ಆಡಿದೆವು, ಬಗೆಹರಿಯಲಿಲ್ಲ.

ಬಳಗಾನೂರಿಗೆ ವಾಪಸ್ ಬರೋಣ. ಅಣ್ಣನ ಅಜ್ಜ ಭಜನೆ ಮಂಡಳಿಯಲ್ಲಿ ಪೇಟಿ ಬಾರಿಸ್ತಾರೆ. ಅವರ ಮಂಡಳಿ ಎಷ್ಟೋ ವರ್ಷ ನಿಂತೇ ಹೋಗಿತ್ತಂತೆ. ತಬಲಾದವರು ದುಡಿಯೋಕೆ ಊರು ಬಿಟ್ಟಿದ್ದರು, ಇಬ್ಬರಲ್ಲಿ ಮಾತು ಬಿಟ್ಟುಹೋಗಿತ್ತು, ಒಬ್ಬರು ತೀರಿಕೊಂಡಿದ್ದರು. ಒಂದು ಶ್ರಾವಣದಲ್ಲಿ ಮತ್ತೆ ಕೂತರು. “ಮತ್ತ ಕೂಡಿದ್ರಿ ಅಂತ ಊರಾಗ ಏನರ ಅಂದ್ರಾ ಅಜ್ಜಾ?” ಅಂತ ನಾವು ಕೇಳಿದ್ದಕ್ಕೆ ಅವರಿಗೆ ಪ್ರಶ್ನೆಯೇ ಅರ್ಥ ಆಗಲಿಲ್ಲ. “ಶ್ರಾವಣ ಬಂತು, ಕುಂತ್ವಿ” ಅಂದರು. ಕಡಕೋಳ ಮಡಿವಾಳಪ್ಪನ ಪದ ಇನ್ನೂರು ವರ್ಷದಿಂದ ಯಾರ್ಯಾರ ಬಾಯಲ್ಲೋ ಬಂದು ಅವರ ಬಾಯಿಗೆ ಬಂದಿದೆ. ಅದರ ‘ಒರಿಜಿನಲ್’ ಯಾವುದು ಅಂತ ಅವರು ಕೇಳಲ್ಲ. ಲಿಂಗಸುಗೂರು ಕಡೆಯ ಮುದಗಲ್ ಮೊಹರಂ ನೋಡಿದವರಿಗೂ ಇದು ಗೊತ್ತು. ಬೆಂಗಳೂರು, ಹೈದರಾಬಾದು ಅಂತ ದುಡಿಯೋಕೆ ಹೋದವರು, ಹಿಂದೂ ಮುಸ್ಲಿಂ ಅನ್ನದೆ, ಆ ದಿನಕ್ಕೆ ವಾಪಸ್ ಬಂದು ಅಲಾಯಿ ಹೆಜ್ಜೆ ಹಾಕ್ತಾರೆ, ಮೊಹರಂ ಪದ ಹಾಡ್ತಾರೆ. ವರ್ಷಾ ವರ್ಷಾ ರೀಯೂನಿಯನ್, ಪೋಸ್ಟರ್ ಇಲ್ಲ, ಟಿಕೆಟ್ ಇಲ್ಲ.

ಇಲ್ಲಿಗೆ ಬಂದ ಮೇಲೆ “ತತ್ವಪದಕಾರರೇ ನಮ್ಮ ಮೊದಲ ಪಂಕ್‌ಗಳು” ಅಂತ ಬರೆದು ಚಪ್ಪಾಳೆ ಗಿಟ್ಟಿಸೋ ಆಸೆ ಬರುತ್ತೆ. ಬೇಡ. ತತ್ವಪದ ತತ್ವಪದವೇ, ಪಂಕ್ ಪಂಕೇ. ಅಜ್ಜನಿಗೆ ಗುರು ಇದ್ದರು, ಪಂಕ್‌ಗೆ ಗುರು ಬೇಡ ಅನ್ನೋದೇ ಶುರು. ನಾವು ಹೇಳೋದು ಇಷ್ಟೇ: ಬಿಟ್ಟು ಹೋಗಿ ಮತ್ತೆ ಕೂರೋದು ನಮ್ಮ ಕಡೆ ಯಾವತ್ತೂ ಅವಮಾನ ಆಗಿರಲಿಲ್ಲ. ಅಭಿಮಾನಿಗಳು ಅಂತ ಆದಮೇಲೆ ನಮಗೆ ಹಾಗನ್ನಿಸೋಕೆ ಶುರುವಾಯ್ತು.

“ಕನ್ನಡ ಸಂಘದಲ್ಲಿ ಪಂಕ್ ಯಾಕೆ” ಅಂದವರಿಗೆ ಒಂದು ಮಾತು. ರಾಜ್ಯೋತ್ಸವದ ದಿನ ನಾವು ಹಾಕೋದು ಸಿನಿಮಾ ಹಾಡಿನ ಟ್ರ್ಯಾಕು. ಆ ಟ್ರ್ಯಾಕಿನಲ್ಲಿ ಗಿಟಾರಿದೆ, ಡ್ರಮ್ಸಿದೆ, ಸಿಂಥಸೈಸರಿದೆ, ಯಾರೂ ತಕರಾರು ತೆಗೆದಿಲ್ಲ. ಬೆಂಗಳೂರಿನ ಸ್ವರಾತ್ಮ ಥರದ ಬ್ಯಾಂಡುಗಳು ಕನ್ನಡದಲ್ಲೂ ಹಾಡ್ತಾ ಬಂದಿವೆ. ಅವರದ್ದು ಪಂಕ್ ಅಲ್ಲ, ಜಾನಪದ ರಾಕ್. ಅವರ ಮೂರನೇ ಆಲ್ಬಂ ಬಂದದ್ದೂ ಎರಡನೆಯದಾಗಿ ಆರು ವರ್ಷದ ಮೇಲೆ, 2018ರಲ್ಲಿ. ಆದರೆ ರಾಯಚೂರು ಜಿಲ್ಲೆಯ ಮಾತಿನಲ್ಲಿ, ಕಾಲುವೆಯ ಕಟ್ಟಕಡೆಯ ಹೊಲದವನ ಮಾತಿನಲ್ಲಿ, ಎರಡು ನಿಮಿಷದ ಜೋರು ಹಾಡು ನಾವು ಕೇಳಿದ್ದು ನಮ್ಮ ಸೀನಿಯರ್ ಬಾಯಲ್ಲೇ ಮೊದಲು. ಅದು ಕನ್ನಡ ಅಲ್ಲ ಅನ್ನೋರು ಸಿಂಧನೂರು ಬಸ್‌ಸ್ಟ್ಯಾಂಡಿನಲ್ಲಿ ನಿಂತು ಒಮ್ಮೆ ಹಾಗೆ ಹೇಳಿ ನೋಡಲಿ.

ಈಗ ಆ ಐದು ಹಾಡು. ಕೊನೆಗೂ ಕೂತು ಕೇಳಿದೆವು, ಮೂರು ಸಲ. ಹಳೇ ಫೇಮಸ್ ಹಾಡು ನಿಮಗೆ ಗೊತ್ತಲ್ಲ, ಮೆಸ್ಸಿನ ಸಾಂಬಾರ್ ಬಗ್ಗೆ. ಇಡೀ ಆಡಿಟೋರಿಯಂ ಎದ್ದು ಕುಣಿದಿತ್ತು. ಹೊಸದರಲ್ಲಿ ಸಾಂಬಾರಿಲ್ಲ. ಒಂದು ಹಾಡು ಬೆಳಗಿನ ಜಾವ ನಾಲ್ಕಕ್ಕೆ ಕ್ಯಾಬಿನಲ್ಲಿ ಪಿಜಿಗೆ ವಾಪಸ್ ಬರೋದರ ಬಗ್ಗೆ. ಊರಲ್ಲಿ ಆ ಹೊತ್ತಿಗೆ ಅಪ್ಪ ಹೊಲಕ್ಕೆ ನೀರು ಕಟ್ಟೋಕೆ ಎದ್ದಿರ್ತಾನೆ, ಇಬ್ಬರೂ ಒಂದೇ ಹೊತ್ತಿನಲ್ಲಿ ಎಚ್ಚರ, ಆದರೆ ಫೋನ್ ಮಾಡಲ್ಲ. ಎರಡನೇ ಸಲ ಕೇಳುವಾಗ ನಮ್ಮಲ್ಲಿ ರೈತರ ಮನೆಯ ಇಬ್ಬರು ಎದ್ದು ಹೊರಗೆ ಹೋದರು. ಇನ್ನೊಂದು ಹಾಡು ಎಜುಕೇಷನ್ ಲೋನ್ ಕಂತಿನ ಬಗ್ಗೆ, ಒಂದೂಕಾಲು ನಿಮಿಷ, ಬರೀ ಕೂಗು, ಸಖತ್ತಾಗಿದೆ. ಮೂರನೆಯದು ಸೈಟಿನ ಹುಡುಗ ಬರೆದದ್ದು. ಡಾಂಬರು, ಬಿಸಿಲು, ಬಿಲ್ಲು ಪಾಸಾಗದ್ದು. ಅದರಲ್ಲಿ ಕಹೋನ್ ಬದಲು ಖಾಲಿ ಡಾಂಬರ್ ಡ್ರಮ್ಮನ್ನೇ ಬಡಿದಿದ್ದಾನೆ. ಉಳಿದೆರಡು ಅಷ್ಟಕ್ಕಷ್ಟೇ. ಒಂದರಲ್ಲಿ ಸಾಲುಗಳು ತಾಳಕ್ಕೆ ಕೂರಲ್ಲ, ಇನ್ನೊಂದು ಪ್ರೇಮಗೀತೆ, ಅದನ್ನ ಅವರು ಮಾಡಬಾರದಿತ್ತು. ಅವರಿಗೂ ಹೇಳಿದೆವು, ಬೇಜಾರು ಮಾಡಿಕೊಳ್ಳಲಿಲ್ಲ. ಅಂದ್ರೆ ಮಾಡಿಕೊಂಡರು, ಮರುದಿನ ಸರಿಹೋದರು.

ಕೇಳಿದ ಮೇಲೆ ನಮಗನ್ನಿಸಿದ್ದು ಇದು. ಇವು ನಮ್ಮ ಸದ್ಯದ ಹಾಡುಗಳಲ್ಲ, ಇನ್ನೆರಡು ವರ್ಷಕ್ಕೆ ನಮ್ಮವಾಗೋ ಹಾಡುಗಳು. ಸಾಂಬಾರಿನ ಹಾಡು ನಮಗೆ ಗೊತ್ತಿದ್ದದ್ದನ್ನೇ ಹೇಳಿತ್ತು, ಅದಕ್ಕೇ ಕುಣಿದೆವು. ಪ್ಲೇಸ್‌ಮೆಂಟ್ ಟಾಕ್‌ಗೆ ಬರೋ ಅಲ್ಯುಮ್ನಿ ಪ್ಯಾಕೇಜ್ ಎಷ್ಟು ಅಂತ ಹೇಳ್ತಾರೆ, ಬೆಳಗಿನ ನಾಲ್ಕು ಗಂಟೆಯ ಕ್ಯಾಬಿನ ಬಗ್ಗೆ ಯಾರೂ ಹೇಳಲ್ಲ. ಅದನ್ನ ಹೇಳೋಕೆ ಮೂರು ಜನ ತಮ್ಮ ರಜೆ ಹಾಕಿ, ಸ್ವಂತ ಖರ್ಚಿನಲ್ಲಿ ಬರ್ತೀವಿ ಅಂತಿದ್ದಾರೆ.

ಜೂನಿಯರ್‌ಗಳ ತಕರಾರು ಮಾತ್ರ ಸರಿಯಾದದ್ದು, ಅದನ್ನ ತಳ್ಳಿಹಾಕಬಾರದು. ವರ್ಷಕ್ಕೆ ಒಂದೇ ದೊಡ್ಡ ವೇದಿಕೆ, ಅದರಲ್ಲೂ ಪಾಸಾದವರು ಬಂದು ಕೂತರೆ ಸೆಕೆಂಡ್ ಇಯರ್ ಹುಡುಗಿಯರ ಹೊಸ ತಂಡ ಎಲ್ಲಿ ಬಾರಿಸಬೇಕು? ಹೋದ ವರ್ಷ ಅವರ ಸ್ಲಾಟನ್ನ ಅತಿಥಿಗಳ ಭಾಷಣ ಉದ್ದವಾಯ್ತು ಅಂತ ಕತ್ತರಿಸಿದ್ದೆವು. ಕತ್ತರಿಸಿದವರಲ್ಲಿ ನಾವೂ ಇದ್ದೆವು. ಹಾಗಾಗಿ ನಮ್ಮ ಸಲಹೆ ಹೀಗಿದೆ. ಹುಡುಗಿಯರ ತಂಡಕ್ಕೆ ಏಳೂವರೆಯ ಮುಖ್ಯ ಸ್ಲಾಟು, ಜನ ತುಂಬಿರೋ ಹೊತ್ತು. ಬಳಗಾನೂರು ಬ್ಯಾಂಡಿಗೆ ಅದಕ್ಕೂ ಮೊದಲು ಇಪ್ಪತ್ತು ನಿಮಿಷ. ‘ಮೈಲೋ ಗೋಸ್ ಟು ಕಾಲೇಜ್’ ಇಡೀ ಆಲ್ಬಮ್ಮೇ ಇಪ್ಪತ್ತೆರಡು, ಇವರಿಗೆ ಇಪ್ಪತ್ತು ಧಾರಾಳ. ಹೊಸ ಹಾಡು ಮೊದಲು. ಸಾಂಬಾರಿನ ಹಾಡು ಹಾಡೋದು ಬಿಡೋದು ಅವರಿಷ್ಟ, ಕೆಳಗಿನಿಂದ ಯಾರೂ ಕೂಗಬಾರದು. ಕಷ್ಟ ಅಂತ ಗೊತ್ತು, ನಮಗೇ ಕಷ್ಟ. ಅತಿಥಿಗಳ ಭಾಷಣ ಹತ್ತು ನಿಮಿಷಕ್ಕೆ ಮುಗಿಸೋ ಜವಾಬ್ದಾರಿ ನಮ್ಮದು, ಚೀಟಿ ಕೊಡೋಕೆ ನಾವೇ ನಿಲ್ತೇವೆ.

ಮೀಟಿಂಗ್ ಬುಧವಾರ ಸಂಜೆ ಐದಕ್ಕೆ, ಸೆಮಿನಾರ್ ಹಾಲಿನಲ್ಲಿ. ಬರೋ ಮೊದಲು ಐದೂ ಹಾಡು ಕೇಳಿಕೊಂಡು ಬನ್ನಿ, ಎಲ್ಲಾ ಸೇರಿ ಹನ್ನೊಂದು ನಿಮಿಷ. ಇಯರ್‌ಫೋನ್ ಹಾಕಿಕೊಳ್ಳಿ, ನಾಲ್ಕನೆಯದರ ಒಂದು ಸಾಲು ಲೈಬ್ರರಿಯಲ್ಲಿ ಜೋರಾಗಿ ಕೇಳೋ ಹಾಗಿಲ್ಲ. ಮತ್ತೆ, ಯಾರ ಹತ್ತಿರನಾದ್ರೂ ಬಾಸ್ ಆ್ಯಂಪ್ ಇದ್ರೆ ಹೇಳಿ. ಅವರದ್ದು ಏಳನೇ ಸೆಮ್ಮಿನಲ್ಲಿ ಮಾರಿದ್ದು, ಕೊಂಡವರು ನಮ್ಮ ಹಾಸ್ಟೆಲ್ಲಿನವರೇ ಅಂತ ಸುದ್ದಿ ಇದೆ.